ಬಂಟನ ಮೂರು ದಿನ

ಆ ಗುರುವಾರ ಬೆಳಿಗ್ಗೆ ಹಿರೇಕಣವಿಯ ಮೇಲೆ ಮಂಜು ಇಳಿದಿತ್ತು. ಕೊಪ್ಪಳದ ಆ ಸೀಮೆಯಲ್ಲಿ ಮಂಜು ಬೀಳುವುದು ವರ್ಷಕ್ಕೆ ನಾಲ್ಕೋ ಐದೋ ದಿನ. ಬಿದ್ದ ದಿನ ಊರ ಸುತ್ತಲಿನ ಗುಡ್ಡಗಳು, ಗುಡ್ಡದಲ್ಲಿ ಒಂದರ ಮೇಲೊಂದು ಕೂತ ಬಂಡೆಗಳು, ಎಲ್ಲ ಕಾಣದಾಗಿ ಬರೀ ಬಯಲು ಉಳಿಯುತ್ತದೆ. ಕಾರ್ತಿಕದ ಚಳಿ ಬೇರೆ. ಬಸ್ಸಿನಿಂದಿಳಿದ ನೀಲಗಂಗಮ್ಮ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಆಟಿಕೆ ಪರೀಕ್ಷಾ ಕೇಂದ್ರದ ಗೇಟಿನತ್ತ ನಡೆದಳು. ಅವಸರ ಮಾಡುವ ಶಕ್ತಿ ಅವಳ ಮೊಣಕಾಲಿನಿಂದ ಹೋಗಿ ವರ್ಷಗಳಾಗಿದ್ದವು. ಮನಸ್ಸಿನಿಂದ ಹೋದದ್ದು ಈಚೆಗೆ.

ಅವಳ ಕೆಲಸವೇನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಹೊಸಬರು ಕೇಳಿದರೆ ನಗುತ್ತಾರೆ. ಅವಳು ಆಟಿಕೆಗಳೊಂದಿಗೆ ಆಡುವ ಸರಕಾರಿ ನೌಕರಳು.

ಈ ಕಥೆ ನಡೆಯುವ ಕಾಲಕ್ಕೆ ಆಟಿಕೆಗಳನ್ನು ಯಂತ್ರಗಳೇ ರಾಶಿ ರಾಶಿಯಾಗಿ ಮಾಡುತ್ತಿದ್ದವು. ಅವುಗಳ ಗುಣದೋಷ ಬರೆಯುತ್ತಿದ್ದವೂ ಯಂತ್ರಗಳೇ. ಬರೆದದ್ದೆಲ್ಲ ಹೊಗಳಿಕೆ. ಒಂದು ಕೂಸಿನ ಬೆರಳು ಜಜ್ಜಿದ ಆಟಿಕೆಯನ್ನೂ ಯಂತ್ರ ಹೊಗಳಿತ್ತು. ಕೊನೆಗೆ ತಾಯಂದಿರು ರೊಚ್ಚಿಗೆದ್ದು ಒಂದು ಕಾನೂನು ತರಿಸಿದರು. ಯಾವುದೇ ಹೊಸ ಆಟಿಕೆ ಮಕ್ಕಳ ಕೈ ಸೇರುವ ಮುಂಚೆ ಒಬ್ಬ ಮನುಷ್ಯ ಅದರೊಂದಿಗೆ ನಲವತ್ತು ದಿನ ಆಡಬೇಕು, ಒಂದು ದಿನವೂ ತಪ್ಪಬಾರದು. ಆಡಿದ್ದನ್ನು ಅಂದಂದೇ ತನ್ನ ಕೈಯಿಂದ ದಿನಚರಿಯಲ್ಲಿ ಬರೆಯಬೇಕು. ಹಬ್ಬ ಬಂದರೆ ಮನೆಗೆ ಒಯ್ದು ಆಡಬೇಕು. ನಲವತ್ತೊಂದನೆಯ ದಿನ ವಿಮರ್ಶೆ ಬರೆಯಬೇಕು. ವಿಮರ್ಶೆ ಒಪ್ಪಿದರೆ ಆಟಿಕೆ ಪೇಟೆಗೆ ಹೋಗುತ್ತದೆ, ಒಪ್ಪದಿದ್ದರೆ ಅದರ ಅಚ್ಚನ್ನು ಕೇಂದ್ರದಲ್ಲೇ ಒಡೆಯುತ್ತಾರೆ. ಈ ಕೆಲಸಕ್ಕೆ ನೇಮಕವಾದವರನ್ನು ಕಾಗದದಲ್ಲಿ ‘ಪರೀಕ್ಷಕರು’ ಎಂದು ಬರೆದರೂ ಊರ ಮಂದಿ ಅವರನ್ನು ‘ಆಡೋರು’ ಎಂದೇ ಕರೆಯುತ್ತಿದ್ದರು.

ನೀಲಗಂಗಮ್ಮ ಇಪ್ಪತ್ತೆರಡು ವರ್ಷಗಳಿಂದ ಆಡುತ್ತಿದ್ದಳು. ಮೊದಮೊದಲು ಅದೊಂದು ವ್ರತದಂತೆ ಇತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಮೇಜಿನ ಮೇಲಿನ ಆಟಿಕೆಯನ್ನು ಕಣ್ಣಿಗೊತ್ತಿಕೊಂಡೇ ಆಟ ಶುರು ಮಾಡುತ್ತಿದ್ದಳು. ತಿರುಗುವ ಬುಗುರಿ, ಹಾಡುವ ಗಿಣಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಗೊಂಬೆ. ಹೀಗೆ ನೂರೈವತ್ತಕ್ಕೂ ಹೆಚ್ಚು. ಆದರೆ ಆಟ ಕೆಲಸವಾದ ಮೇಲೆ ಅದಕ್ಕೂ ಕೆಲಸದ ದಣಿವೇ ಬರುತ್ತದೆ. ಈಗೀಗ ಆಟಿಕೆಯ ಪೆಟ್ಟಿಗೆ ಕಂಡರೆ ಅವಳಿಗೆ ತೊಳೆಯದ ಪಾತ್ರೆಯ ರಾಶಿ ಕಂಡ ಹಾಗಾಗುತ್ತಿತ್ತು. ನಿವೃತ್ತಿಗೆ ಇನ್ನು ಹದಿನಾಲ್ಕು ದಿನ ಉಳಿದಿತ್ತು.

ಅವಳು ಕೊನೆಯದಾಗಿ ಆಡಿದ ಆಟಿಕೆಯ ಹೆಸರು ಬಂಟ. ಅಂಗೈಯಲ್ಲಿ ಕೂರುವಷ್ಟು ಸಣ್ಣ ರೋಬೋ. ಮನುಷ್ಯನ ಆಕಾರ, ಅಗಲ ಕಣ್ಣು, ಕುಂಚದಲ್ಲಿ ಬರೆದ ಸಣ್ಣ ಮೀಸೆ. ಕೈಯಲ್ಲಿ ಹಿಡಿದು ಸೊಂಟವನ್ನು ಹೆಬ್ಬೆರಳಿನಿಂದ ಒತ್ತಿದರೆ ಕಾಲು ಮಡಚಿ ಗಾಲಿಯ ಪಟ್ಟಿಯಾಗುತ್ತಿದ್ದವು, ಎರಡೂ ಕೈ ಮುಂದೆ ಕೂಡಿ ತೋಪಿನ ನಳಿಗೆಯಾಗುತ್ತಿದ್ದವು, ತಲೆ ಒಳಗಿಳಿಯುತ್ತಿತ್ತು. ಮನುಷ್ಯ ಹೋಗಿ ಯುದ್ಧದ ಟ್ಯಾಂಕು. ಮತ್ತೆ ಒತ್ತಿದರೆ ತಿರುಗಿ ಮನುಷ್ಯ. ಅದರೊಳಗೆ ಮೋಟಾರು, ಬ್ಯಾಟರಿ ಯಾವುದೂ ಇರಲಿಲ್ಲ, ಇದ್ದದ್ದು ನೆನಪಿನ ತಂತಿ. ಅಂಗೈಯ ಬಿಸುಪು ತಾಗಿದರೆ ತನ್ನ ಹಳೆಯ ಆಕಾರಕ್ಕೆ ಮರಳುವ ಲೋಹದ ತಂತಿ ಜಗತ್ತಿಗೆ ಹೊಸದೇನಲ್ಲ. ಬಂಟನ ತಂತಿಗೆ ಮಾತ್ರ ಎರಡು ಆಕಾರಗಳ ನೆನಪಿತ್ತು, ಅದೇ ಅದರ ಹೊಸತನ.

ಅದನ್ನು ಮಾಡಿದವಳು ಹುಲಿಗೆವ್ವ, ಕಿನ್ನಾಳದ ಚಿತ್ರಗಾರರ ಮನೆತನದ ಹೆಣ್ಣುಮಗಳು. ಅವಳ ಹಿರಿಯರು ಕಟ್ಟಿಗೆಯ ಹೊಟ್ಟಿಗೆ ಹುಣಸೆಬೀಜದ ಅಂಟು ಕಲಸಿ ದೇವರ ಮೂರ್ತಿ ಮಾಡುತ್ತಿದ್ದರು. ಅವಳು ಅದೇ ಮಿಶ್ರಣವನ್ನು ಅಚ್ಚಿಗೆ ಒತ್ತಿ ಬಂಟನ ಮೈ ಮಾಡಿದ್ದಳು. ತಂತಿಗಾಗಿ ನಾಲ್ಕು ವರ್ಷ ಕಳೆದಿದ್ದಳು.

ನೀಲಗಂಗಮ್ಮ ಬರೆದ ವಿಮರ್ಶೆ ಎರಡೇ ಸಾಲಿನದು. ‘ಈ ಆಟಿಕೆ ಟ್ಯಾಂಕಾಗಲು ಕಾದು ಕೂತಿರುತ್ತದೆ, ಮನುಷ್ಯನಾಗಲು ಒಲ್ಲೆ ಎನ್ನುತ್ತದೆ. ಮಡಚುವಾಗ ನನ್ನ ಬೆರಳ ಸಂದಿಯನ್ನು ಕಚ್ಚಿತು, ಮಕ್ಕಳಿಗೆ ಬೇಡ.’

ಬರುವ ಸೋಮವಾರ ಹನ್ನೊಂದು ಗಂಟೆಗೆ ಬಂಟನ ಅಚ್ಚು ಒಡೆಯುವುದೆಂದು ನಿಗದಿಯಾಗಿತ್ತು. ಅಚ್ಚಿನೊಂದಿಗೆ ಆಡಿದ ಆಟಿಕೆಯನ್ನೂ ಒಡೆಯುತ್ತಾರೆ. ಅದನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ಮೊಹರು ಮಾಡಿ ಕೊಡುವುದು ಆಡಿದವರ ಕೆಲಸ. ಮಂಜಿನಲ್ಲಿ ಅವಳು ನಡೆದು ಬಂದದ್ದು ಅದಕ್ಕೇ.

ಕೇಂದ್ರದ ಜವಾನ ದ್ಯಾಮಣ್ಣ ಚಹಾ ತಂದಿಟ್ಟು, ಇಂಥ ಚಳಿಯಲ್ಲಿ ಸಾಯುವವನೂ ಎದ್ದು ಕೂತು ಒಂದು ಕಪ್ಪು ಕುಡಿದೇ ಸಾಯುತ್ತಾನೆ ಎಂದು ನಗಿಸಲು ನೋಡಿದ. ನೀಲಗಂಗಮ್ಮ ನಗಲಿಲ್ಲ. ಬಂಟನನ್ನು ಎಡಗೈಯಲ್ಲಿ ಹಿಡಿದು ಬಿಳಿ ಬಟ್ಟೆಯಿಂದ ಒರೆಸತೊಡಗಿದಳು. ಅದು ಟ್ಯಾಂಕಿನ ರೂಪದಲ್ಲೇ ಇತ್ತು. ಮನುಷ್ಯನ ರೂಪದಲ್ಲಿ ಮೊಹರು ಮಾಡಬೇಕೆಂದು ಸೊಂಟ ಒತ್ತಿದರೆ ಅರ್ಧ ಎದ್ದು ನಿಂತಿತು. ಕೈಗಳು ನಳಿಗೆಯ ಹಾಗೆ ಮುಂದಕ್ಕೆ ಸೆಟೆದೇ ಉಳಿದವು. ಭುಜದ ಸಂದಿಯನ್ನು ಕಡ್ಡಿಯಿಂದ ಕೆದಕಿದಳು.

ಕಡ್ಡಿಯ ತುದಿಗೆ ಕೆಂಪು ಹತ್ತಿತು.

ಬಣ್ಣ ಉದುರಿತೇನೋ ಎಂದುಕೊಂಡು ಮೂಗಿನ ಹತ್ತಿರ ತಂದಳು. ಕುಂಕುಮ. ಇನ್ನಷ್ಟು ಕೆದಕಿದರೆ ಭಂಡಾರದ ಹಳದಿ, ಒಣಗಿದ ಚೆಂಡುಹೂವಿನ ಒಂದು ಎಸಳು.

ದ್ಯಾಮಣ್ಣನನ್ನು ಕರೆದು ಕೇಳಿದಳು. ಅವನು ಮುಚ್ಚಿಡುವ ಮನುಷ್ಯನಲ್ಲ, ಮುಚ್ಚಿಡುವಂಥದ್ದು ಅದರಲ್ಲಿದೆ ಎಂದು ಅವನಿಗೆ ಅನ್ನಿಸಿಯೂ ಇರಲಿಲ್ಲ.

“ಖಂಡೇ ಪೂಜಿ ದಿನ ಮಾಡಿದ್ದೆರಿ ಅಕ್ಕಾರ. ಸುತಗಿ, ಇಕ್ಕಳ, ತೂಕದ ಯಂತ್ರ ಎಲ್ಲಾ ಇಟ್ಟು ಪೂಜಿ ಮಾಡೂದಿಲ್ಲೇನು ವರ್ಷಾ? ಇವನೂ ಮೇಜಿನ ಮ್ಯಾಲ ಇದ್ದ. ತೋಪಿನ ಗಾಡಿ ಅಂದ್ರ ಆಯುಧ ಆತಲ್ಲ. ಆಯುಧ ಬಿಟ್ಟು ಪೂಜಿ ಮಾಡಿದ್ರ ತಾಯಿ ಏನಂದಾಳು?”

ಮನುಷ್ಯನಾಗಿ ಮಲಗಿದ್ದ ಬಂಟನನ್ನು ಅವನೇ ಒತ್ತಿ ಟ್ಯಾಂಕು ಮಾಡಿದ್ದ. ಪೂಜೆಗೆ ಆಯುಧ ಬೇಕು, ಮೀಸೆ ಹೊತ್ತ ಗೊಂಬೆಯಿಂದ ಏನಾಗಬೇಕು ಎಂಬುದು ಅವನ ಲೆಕ್ಕ. ಕುಂಕುಮ, ಭಂಡಾರ ಹಚ್ಚಿ, ಹೂ ಏರಿಸಿ, ಅರಿಷಿಣದ ದಾರದಿಂದ ಬಿಗಿಯಾಗಿ ಸುತ್ತಿ ದೇವಿಯ ಪಟದ ಮುಂದೆ ಇಟ್ಟಿದ್ದ. ಪೂಜೆಗಿಟ್ಟ ಆಯುಧವನ್ನು ಬನ್ನಿ ಮುಡಿಯುವವರೆಗೆ ಎತ್ತುವಂತಿಲ್ಲ. ಮರುದಿನ ದಸರೆಯ ಬನ್ನಿ. ಅದರ ಮರುದಿನ ಕೇಂದ್ರಕ್ಕೆ ಯಾರೂ ಬರಲಿಲ್ಲವಾದ್ದರಿಂದ ಅವನೂ ಎತ್ತಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ದಾರ ಬಿಚ್ಚಿ, ಮೇಲೆ ಮೇಲೆ ಒರೆಸಿ ಮೇಜಿನ ಮೇಲಿಟ್ಟಿದ್ದ.

“ತಪ್ಪಾತೇನ್ರಿ?” ಎಂದು ಕೇಳಿದ.

ನೀಲಗಂಗಮ್ಮ ಇಲ್ಲ ಎನ್ನುವಂತೆ ಕೈಯಾಡಿಸಿದಳು. ಅವಳ ಕಣ್ಣು ದಿನಚರಿಯ ಮೇಲಿತ್ತು.

ಇಪ್ಪತ್ತೇಳನೆಯ ದಿನ: ‘ಆಡಿದೆ. ಎಲ್ಲ ಸರಿ.’ ಇಪ್ಪತ್ತೆಂಟು: ‘ಆಡಿದೆ. ಎಲ್ಲ ಸರಿ.’ ಇಪ್ಪತ್ತೊಂಬತ್ತು: ‘ಆಡಿದೆ. ಎಲ್ಲ ಸರಿ.’ ಮೂರೂ ಸಾಲು ಒಂದೇ ಶಾಯಿ, ಒಂದೇ ಓಟ. ಅವನ್ನು ಮೂವತ್ತನೆಯ ದಿನ ಬೆಳಿಗ್ಗೆ ಒಮ್ಮೆಗೇ ಬರೆದದ್ದು ನೋಡಿದವರಿಗೆ ತಿಳಿಯುವಂತಿತ್ತು.

ಹಬ್ಬದ ಆ ಮೂರು ದಿನ ಬಂಟನನ್ನು ಅವಳು ಮನೆಗೆ ಒಯ್ದಿರಲಿಲ್ಲ. ಮರೆತಿರಲಿಲ್ಲ, ಮೇಜಿನ ಮೇಲೆ ನೋಡಿಯೂ ಬಿಟ್ಟು ಹೋಗಿದ್ದಳು. ಮೂರು ದಿನ ಯಾವ ಆಟಿಕೆಯ ಮುಖವನ್ನೂ ನೋಡದೆ ಸುಮ್ಮನೆ ಗೋಡೆಗೆ ಮುಖ ಮಾಡಿ ಮಲಗಬೇಕು ಎನಿಸಿತ್ತು. ಮಲಗಿದಳು. ಕೈಗೆ ಬನ್ನಿಯ ಬಂಗಾರ ಕೊಡಲು ಬಂದವರನ್ನೂ ಗಂಡನೇ ಮಾತಾಡಿಸಿ ಕಳಿಸಿದ್ದ. ಮೂರು ದಿನದಲ್ಲಿ ಒಂದು ಗೊಂಬೆಗೆ ಏನಾದೀತು ಎಂದುಕೊಂಡಿದ್ದಳು.

ಏನಾಯಿತೆಂದು ನೋಡಲು ಅವಳು ಬಂಟನನ್ನು ಒಳಕೋಣೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಳು. ಅದು ಆಟಿಕೆಯನ್ನು ಬಿಚ್ಚದೆಯೇ ಒಳಗಿನ ಬಿಗಿತವನ್ನು ಬಣ್ಣದಲ್ಲಿ ತೋರಿಸುವ ಯಂತ್ರ. ಸಡಿಲ ಇದ್ದಲ್ಲಿ ನೀಲಿ, ಬಿಗಿ ಇದ್ದಲ್ಲಿ ಕೆಂಪು. ಮೊದಲ ವಾರ ತೆಗೆದ ಚಿತ್ರ ಪಕ್ಕದಲ್ಲೇ ಇತ್ತು, ಅದರಲ್ಲಿ ಬಂಟನ ಮೈಯೆಲ್ಲ ನೀಲಿ. ಇವತ್ತಿನ ಚಿತ್ರದಲ್ಲಿ ಎರಡು ಭುಜ, ಎರಡು ಮೊಣಕಾಲು ಕೆಂಡದ ಹಾಗೆ. ಟ್ಯಾಂಕಾಗಿ ಮಡಚುವ ಎಲ್ಲ ಕಡೆ ತಂತಿ ಸೆಟೆದಿತ್ತು. ಹುಲಿಗೆವ್ವ ಕೊಟ್ಟ ಕೈಪಿಡಿಯನ್ನು ತೆಗೆದು ಓದಿದಳು. ಬರೆದದ್ದು ಸರಳವಾಗಿತ್ತು. ತಂತಿ ಯಾವ ಆಕಾರದಲ್ಲಿ ಹೆಚ್ಚು ಹೊತ್ತು ಇರುತ್ತದೋ ಆ ಆಕಾರದ ನೆನಪು ಗಟ್ಟಿಯಾಗುತ್ತ ಹೋಗುತ್ತದೆ, ಇನ್ನೊಂದರದು ಮಾಸುತ್ತದೆ. ದಿನವೂ ಆಡಿದರೆ ಎರಡೂ ಸಮವಾಗಿರುತ್ತವೆ. ಬಿಸುಪು ತಾಗದೆ, ಕಟ್ಟಿಹಾಕಿ, ಒಂದೇ ರೂಪದಲ್ಲಿ ದಿನಗಟ್ಟಲೆ ಬಿಡಬಾರದು.

ಮೊದಲ ದಿನವೇ ಓದಿದ್ದ ಪುಟ. ಕೆಳಗೆ ಅವಳದೇ ಸಹಿ ಇತ್ತು.

ವಿಮರ್ಶೆ ಹೊರಬಿದ್ದ ಮರುದಿನ ಹುಲಿಗೆವ್ವ ಕೇಂದ್ರಕ್ಕೆ ಬಂದಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ಉಗುರಿನ ಸಂದಿಯಲ್ಲಿ ಹಸಿರು ಬಣ್ಣ. ಅಳಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ಅವಳ ಕೈಕೆಳಗೆ ಕಿನ್ನಾಳದ ಹನ್ನೊಂದು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆಂದೂ, ಮೂರ್ತಿಗಳನ್ನು ಈಗ ಯಂತ್ರವೇ ಅಚ್ಚೊತ್ತುವುದರಿಂದ ಆ ಕುಂಚಗಳಿಗೆ ಬೇರೆ ಕೆಲಸ ಉಳಿದಿಲ್ಲವೆಂದೂ ದ್ಯಾಮಣ್ಣನಿಂದ ತಿಳಿದಿತ್ತು. ಅವಳಂತೂ ಅದನ್ನು ಹೇಳಲಿಲ್ಲ. ಅವಳು ಕೇಳಿದ್ದು ಒಂದೇ.

“ಅಕ್ಕಾರ, ಅಂವ ಹಿಂಗ ಆಗಾಕ ಚಾಲೂ ಮಾಡಿದ್ದು ಯಾವತ್ತಿನಿಂದ? ಅಷ್ಟು ಹೇಳ್ರಿ ಸಾಕು. ನಾ ಎಲ್ಲಿ ತಪ್ಪೀನಿ ಅಂತ ನನಗ ತಿಳೀಬೇಕು.”

ನೀಲಗಂಗಮ್ಮ ದಿನಚರಿಯಲ್ಲಿದೆ ಎಂದಷ್ಟೇ ಹೇಳಿದ್ದಳು. ದಿನಚರಿಯನ್ನು ಮಾಡಿದವರಿಗೆ ತೋರಿಸುವ ಪದ್ಧತಿಯಿಲ್ಲ. ಹುಲಿಗೆವ್ವ ಬಾಗಿಲ ಹತ್ತಿರ ಹೋದವಳು ತಿರುಗಿ, ಹಠವಿಲ್ಲದ ದನಿಯಲ್ಲಿ ಇನ್ನೊಂದು ಮಾತು ಹೇಳಿ ಹೋಗಿದ್ದಳು.

“ಟ್ಯಾಂಕ್ ಮಾಡಾಕ ಬೇಕಾದಷ್ಟು ಮಂದಿ ಅದಾರ್ರಿ. ಮಕ್ಕಳೂ ಅದನ್ನ ಕೇಳ್ತಾವ. ತಿರುಗಿ ಮನಷ್ಯಾ ಆಗೂದೈತಲ್ಲ, ಅದಕ್ಕ ನಾಕು ವರ್ಷ ಹಿಡೀತು.”

ಆ ಮಾತು ಆಗ ನೀಲಗಂಗಮ್ಮನ ಕಿವಿಯ ಮೇಲಿಂದ ಹೋಗಿತ್ತು. ಈಗ ಗಾಜಿನ ಪೆಟ್ಟಿಗೆಯ ಮುಂದೆ ಕೂತಾಗ ಹೋಗಲಿಲ್ಲ.

ಸಂಜೆ ಮನೆಗೆ ಬಂದರೆ ಗಂಡ ಅಂದಾನಪ್ಪ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಮೂವತ್ತೊಂದು ವರ್ಷ ಬಸ್ಸು ನಡೆಸಿದವ. ಹೆಂಡತಿಯ ಕೆಲಸದ ಬಗ್ಗೆ ಅವನದೊಂದು ಹಳೆಯ ತಮಾಷೆಯಿತ್ತು. ತಾನು ನಿವೃತ್ತನಾದರೆ ಬಸ್ಸು ನಿಲ್ಲುವುದಿಲ್ಲ, ಇವಳು ನಿವೃತ್ತಳಾದರೆ ಊರ ಮಕ್ಕಳೆಲ್ಲ ಆಟ ನಿಲ್ಲಿಸಿ ಓದಲು ಕೂರುತ್ತಾರೆ ಎನ್ನುವನು. ಅವತ್ತೂ ಅದನ್ನೇ ಹೇಳಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ.

ಅವಳು ದೇವರ ಗೂಡಿಗೆ ದೀಪ ಹಚ್ಚಿ ಬಂದು, ಅವನೆದುರು ಕೂತು, ಎಲ್ಲವನ್ನೂ ಹೇಳಿದಳು. ಪಾಪ, ದ್ಯಾಮಣ್ಣನ ಪೂಜೆ ಇದೆಯಲ್ಲ, ಅವನದು ತಪ್ಪೇ ಅಲ್ಲ ಎಂದಳು. ಅವನು ಆಯುಧ ಕಂಡ, ಪೂಜಿಸಿದ. ಅಲ್ಲಿ ಆಯುಧ ಇರಲೇಬಾರದಿತ್ತು, ತನ್ನ ಕೈಚೀಲದಲ್ಲಿರಬೇಕಿತ್ತು. ಮೂರು ದಿನ ಸುಳ್ಳು ಬರೆದೆ, ಆ ಸುಳ್ಳಿನ ಮೇಲೆ ಬಂಟನನ್ನು ದೂರಿದೆ ಎಂದಳು.

ಅಂದಾನಪ್ಪ ಕೈಯಲ್ಲಿದ್ದ ಅವರೆಕಾಯಿಯನ್ನು ಸುಲಿದು ಮುಗಿಸಿದ. ಆಮೇಲೆ ಹದಿನಾಲ್ಕು ದಿನ ಕಣ್ಣುಮುಚ್ಚಿ ಕಳೆದರೆ ಮುಗಿಯಿತು, ಸುಮ್ಮನಿರುವುದೂ ಒಂದು ದಾರಿ ಎಂದ. ಹೇಳುವಾಗ ಅವನಿಗೇ ಅದು ಹಿಡಿಸದ್ದು ದನಿಯಲ್ಲಿ ತಿಳಿಯುತ್ತಿತ್ತು. ಈಗ ಹೇಳಿದರೆ ಮಂದಿ ಇಪ್ಪತ್ತೆರಡು ವರ್ಷದ ಎಲ್ಲ ದಿನಚರಿಯನ್ನೂ ಅನುಮಾನಿಸುವುದಿಲ್ಲವೇ ಎಂದು ಕೇಳಿದ.

“ಅನುಮಾನಿಸ್ಲಿ,” ಎಂದಳು ನೀಲಗಂಗಮ್ಮ. “ಬ್ಯಾರೆ ಯಾವುದರಾಗೂ ಹಿಂಗ ಬರದಿಲ್ಲ ಅಂತ ಲಿಂಗ ಮುಟ್ಟಿ ಹೇಳು ಅಂದ್ರ, ನನಗ ಬಾಯಿ ಬರವಲ್ದು. ಬರದಿಲ್ಲ ಅಂತನ ಅನಸ್ತೈತಿ. ಆದ್ರ ಬಾಯಿ ಬರವಲ್ದು.”

ಅವನು ಸುಲಿದ ಕಾಳನ್ನು ಅವಳ ಮುಂದೆ ಸರಿಸಿ, ರೊಟ್ಟಿ ನಾನೇ ಬಡಿಯುತ್ತೇನೆ ಎಂದು ಎದ್ದ. ಮದುವೆಯಾದಾಗಿನಿಂದ ಅವನು ರೊಟ್ಟಿ ಬಡಿದದ್ದು ಅದೇ ಮೊದಲು. ಅವು ರೊಟ್ಟಿಯಾಗಲಿಲ್ಲ, ಆದರೂ ಇಬ್ಬರೂ ಉಂಡರು.

ಶುಕ್ರವಾರ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥ ಇನಾಮದಾರರ ಕೋಣೆಗೆ ಅವಳು ದಿನಚರಿಯನ್ನೂ ಗಾಜಿನ ಪೆಟ್ಟಿಗೆಯ ಎರಡು ಚಿತ್ರಗಳನ್ನೂ ಹಿಡಿದು ಹೋದಳು. ಇನಾಮದಾರರು ಕೆಟ್ಟವರಲ್ಲ, ದಣಿದವರು. ಆ ಕಟ್ಟಡದಲ್ಲಿ ಆಟಿಕೆಗಳನ್ನು ಬಿಟ್ಟರೆ ಉಳಿದವರೆಲ್ಲ ದಣಿದವರೇ. ಚಿತ್ರಗಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ಬೇಕಿದ್ದರೆ ಜವಾನನ ಅಜಾಗರೂಕತೆ ಎಂದು ಬರೆಯಬಹುದಲ್ಲ, ಅವನಿಗೊಂದು ಎಚ್ಚರಿಕೆಯ ಕಾಗದ ಕೊಟ್ಟರೆ ಸಾಕು, ನಿಮ್ಮ ದಿನಚರಿ ಹಾಗೇ ಇರುತ್ತದೆ ಎಂದರು.

ಇದೇ ಸುಲಭದ ದಾರಿ ಎಂದು ನೀಲಗಂಗಮ್ಮನಿಗೂ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗ ಅದು ಅವಳ ಮನಸ್ಸಿಗೂ ಬಂದು ಹೋಗಿತ್ತು.

“ದ್ಯಾಮಣ್ಣ ಪೂಜಿ ಮಾಡ್ಯಾನ್ರಿ, ಆಡೂದು ಅವನ ಕೆಲಸಲ್ಲ,” ಎಂದಳು. “ಆ ಆಟಿಕೆಗೆ ನಲವತ್ತು ದಿನ ಕೊಡ್ತೀವಿ ಅಂತ ಮಾತು ಕೊಟ್ಟವ್ರು ನಾವು. ಮೂವತ್ತೇಳು ಕೊಟ್ಟೀನಿ. ಮೂರು ನಾ ಇಟಗೊಂಡೀನಿ.”

ಇನಾಮದಾರರು ನಿಯಮದ ಪುಸ್ತಕ ತೆರೆದರು. ಅಚ್ಚು ಒಡೆಯುವ ಗಳಿಗೆಯವರೆಗೆ ಆಡಿದವರು ತಮ್ಮ ದಿನಚರಿಯನ್ನು ತಾವೇ ತಿದ್ದಬಹುದು. ತಪ್ಪಿದ ದಿನಗಳನ್ನು ಆಡಿ ತುಂಬಿಸಿ ಆ ಆಟಿಕೆಯ ವಿಮರ್ಶೆಯನ್ನು ಹೊಸದಾಗಿ ಬರೆಯಬಹುದು, ಬೇರೆಯವರು ಆಡುವಂತಿಲ್ಲ. ಆದರೆ ಹಾಗೆ ತಿದ್ದಿದವರು ಮುಂದೆ ಬೇರೆ ಯಾವ ವಿಮರ್ಶೆಗೂ ಸಹಿ ಹಾಕುವಂತಿಲ್ಲ. ಅವರ ಹಳೆಯ ದಿನಚರಿಗಳನ್ನೆಲ್ಲ ಹೊರಗಿನವರು ಬಂದು ಪರಿಶೀಲಿಸುತ್ತಾರೆ. ನಿವೃತ್ತಿಯ ದಿನದ ಸನ್ಮಾನ, ಶಾಲು, ಗೋಡೆಯ ಮೇಲಿನ ಹೆಸರು ಯಾವುದೂ ಇರುವುದಿಲ್ಲ. ಇನಾಮದಾರರು ಇದನ್ನೆಲ್ಲ ಓದಿ ಹೇಳಿ, ಆಟಿಕೆ ಮೂರು ದಿನದಲ್ಲಿ ಸರಿಹೋಗದೆಯೂ ಇರಬಹುದು, ಆಗ ಅಚ್ಚೂ ಹೋಗುತ್ತದೆ, ನಿಮ್ಮ ಹೆಸರೂ ಹೋಗುತ್ತದೆ ಎಂದರು.

ಅವಳು ಅಲ್ಲೇ ಕೂತು ಮೂರು ಸಾಲುಗಳ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ‘ಆಡಿಲ್ಲ’ ಎಂದು ಮೂರು ಸಲ ಬರೆದು ಸಹಿ ಹಾಕಿದಳು. ಆಮೇಲೆ ಬಂಟನನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಆ ಮೂರು ದಿನದ ಆಟವನ್ನು ನೋಡಿದವ ಅಂದಾನಪ್ಪ ಒಬ್ಬನೇ.

ಶುಕ್ರವಾರ ಬಂಟ ಮಣಿಯಲಿಲ್ಲ. ಅಂಗೈಯಲ್ಲಿ ಹಿಡಿದು, ಬಿಸುಪು ಏರುವವರೆಗೆ ಕಾದು, ಸೊಂಟ ಒತ್ತಿ, ಸೆಟೆದ ಕೈಗಳನ್ನು ಬೆರಳ ತುದಿಯಿಂದ ಕೆಳಗೆ ತಂದು, ಹಾಗೇ ಸ್ವಲ್ಪ ಹೊತ್ತು ಹಿಡಿದಿರಬೇಕು. ಬಿಟ್ಟರೆ ಟಪ್ಪೆಂದು ಟ್ಯಾಂಕು. ಮತ್ತೆ ಮೊದಲಿನಿಂದ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಲ ಕಚ್ಚಿತ್ತು, ಒಮ್ಮೆ ರಕ್ತ ಬಂತು. ಗಂಡ ಅರಿಷಿಣ ಒತ್ತಿ, ತಾನು ಹಳೆಯ ಬಸ್ಸಿನ ಗೇರು ಹಾಕಿದ ಕೈಯವನು, ಒಂದು ಸಲ ಕೊಟ್ಟು ನೋಡು ಎಂದ. ಕೊಡುವಂತಿಲ್ಲ ಎಂದಳು. ಅವಳ ಕೈ ತಣ್ಣಗಾದಾಗಲೆಲ್ಲ ಅವನು ತನ್ನ ಎರಡೂ ಅಂಗೈ ನಡುವೆ ಹಿಡಿದು ತಿಕ್ಕಿ ಬಿಸಿ ಮಾಡಿ ಬಿಡುತ್ತಿದ್ದ. ಅದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ.

ಶನಿವಾರ ಅವಳು ಒತ್ತುವುದನ್ನು ಕಡಿಮೆ ಮಾಡಿದಳು. ಮೂವತ್ತೇಳು ದಿನವೂ ಈ ಆಟಿಕೆಯನ್ನು ತಾನು ಪರೀಕ್ಷೆ ಮಾಡಿದ್ದೇ ಹೊರತು ಒಂದು ದಿನವೂ ಆಡಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಅಂದು. ಎಷ್ಟು ಸಲ ಮಡಚಿತು, ಎಷ್ಟು ಹೊತ್ತು ಹಿಡಿಯಿತು, ಇದೇ ಬರೆದಿದ್ದಳು. ಹಬ್ಬದ ನಂತರದ ದಿನಗಳಲ್ಲೂ ಎಣಿಸುವುದು ಮುಗಿದ ಕೂಡಲೇ ಅದನ್ನು ಟ್ಯಾಂಕಾಗಿಯೇ ಮೇಜಿನ ಮೇಲೆ ಬಿಟ್ಟುಬಿಡುತ್ತಿದ್ದಳು. ಅಂದು ಅಡುಗೆಮನೆಯ ಕಟ್ಟೆಯ ಮೇಲೆ ಹೆಸರುಬೇಳೆಯ ಡಬ್ಬಿಗಳ ನಡುವೆ ಅದನ್ನು ನಿಲ್ಲಿಸಿದಳು. ಅದರೊಂದಿಗೆ ಮಾತಾಡಿದಳು. ಚಿಕ್ಕವಳಿದ್ದಾಗ ಕೇಳಿದ ಕಥೆಯೊಂದನ್ನು, ಮುನಿಸಿನಿಂದ ಕಲ್ಲಾದವನನ್ನು ತಂಗಿಯೊಬ್ಬಳು ದಿನಾ ನೀರು ಹಾಕಿ ಮಾತಾಡಿಸಿ ಎಬ್ಬಿಸಿದ್ದನ್ನು, ಅರ್ಧ ಹೇಳಿ ಉಳಿದದ್ದು ನೆನಪಾಗದೆ ಬಿಟ್ಟಳು. ಟ್ಯಾಂಕಾದಾಗ ಉಪ್ಪಿನ ಡಬ್ಬಿಯ ಮೇಲೆ ದಾಳಿ ಮಾಡಿಸಿದಳು. ಮನುಷ್ಯನಾದಾಗ, ಎಷ್ಟು ಆಗಿದ್ದನೋ ಅಷ್ಟಕ್ಕೇ, ಶರಣು ಎಂದಳು. ಒಳಗೆ ಬಂದ ಅಂದಾನಪ್ಪ ಅವಳು ನಗುತ್ತಿದ್ದುದನ್ನು ಕಂಡು ಬಂದ ಹಾಗೆಯೇ ಹೊರಗೆ ಹೋದ.

ತಂತಿಗೆ ಮಾತು ಕೇಳಿಸುವುದಿಲ್ಲ, ಅದಕ್ಕೆ ತಿಳಿಯುವುದು ಬಿಸುಪು ಮತ್ತು ಹೊತ್ತು ಎರಡೇ. ಮಾತಾಡುವಷ್ಟು ಹೊತ್ತೂ ಬಂಟ ಅಂಗೈಯಲ್ಲಿರುತ್ತಿದ್ದ, ಮನುಷ್ಯನಾಗಿ ಇರುತ್ತಿದ್ದ. ಆದದ್ದಿಷ್ಟೇ.

ಭಾನುವಾರ ಸಂಜೆಯ ಹೊತ್ತಿಗೆ ಒತ್ತಿದ ಕೂಡಲೇ ಮಡಚುತ್ತಿದ್ದ, ಮತ್ತೆ ಒತ್ತಿದರೆ ಎದ್ದು ನಿಲ್ಲುತ್ತಿದ್ದ. ಕಚ್ಚುವುದು ನಿಂತಿತ್ತು. ನೀಲಗಂಗಮ್ಮ ದಿನಚರಿಯಲ್ಲಿ ಮೂರನೆಯ ದಿನವನ್ನು ಬರೆದು, ಕೆಳಗೆ ಹೊಸ ವಿಮರ್ಶೆ ಬರೆಯಲು ಕೂತಳು. ಈ ಸಲ ಪುಟ ತುಂಬ ಬಂತು. ಹೊಗಳಲಿಲ್ಲ. ಬಲಗೈ ಪೂರ್ತಿ ಇಳಿಯುತ್ತದೆ, ಎಡಗೈ ಇನ್ನೂ ಎಳ್ಳಿನಷ್ಟು ಮೇಲೆಯೇ ನಿಲ್ಲುತ್ತದೆ, ಅದು ಕೊನೆಗೂ ಇಳಿಯುವುದೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ಬರೆದಳು. ಇದನ್ನು ಟ್ಯಾಂಕಿನ ರೂಪದಲ್ಲಿ ಕಟ್ಟಿ ಬಿಟ್ಟರೆ ಟ್ಯಾಂಕಾಗಿಯೇ ಸೆಟೆಯುತ್ತದೆ, ಹಾಗೆ ಬಿಟ್ಟವಳು ನಾನು, ಪೆಟ್ಟಿಗೆಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸಬೇಕು ಎಂದು ಬರೆದಳು. ‘ದಿನವೂ ಆಡುವ ಮನೆಗೆ ಇದು ಒಳ್ಳೆಯ ಆಟಿಕೆ. ಆಡಲು ಬೇಸರವಿರುವ ಮನೆಗೆ ಅಲ್ಲ.’ ಇಲ್ಲಿಗೆ ನಿಲ್ಲಿಸಿ ಸಹಿ ಹಾಕಿದಳು. ಅದು ಅವಳ ಕೊನೆಯ ಸಹಿ.

ಸೋಮವಾರ ಹತ್ತೂವರೆಗೆ ಇನಾಮದಾರರು ವಿಮರ್ಶೆಯನ್ನು ಎರಡು ಸಲ ಓದಿದರು. ಗಾಜಿನ ಪೆಟ್ಟಿಗೆಯ ಹೊಸ ಚಿತ್ರದಲ್ಲಿ ಎಡಭುಜದಲ್ಲಿ ಮಾತ್ರ ಕೆಂಪಿನ ಒಂದು ಚುಕ್ಕೆ ಉಳಿದಿತ್ತು. ಅವರು ಅಚ್ಚು ಒಡೆಯುವ ಆದೇಶದ ಮೇಲೆ ‘ರದ್ದು’ ಎಂದು ಬರೆದರು. ಅದರ ಕೆಳಗಿನ ಇನ್ನೊಂದು ಕಾಗದದಲ್ಲಿ ಪರೀಕ್ಷಕರ ಪಟ್ಟಿಯಿಂದ ಒಂದು ಹೆಸರನ್ನು ತೆಗೆದರು. ಎರಡಕ್ಕೂ ಒಂದೇ ಲೇಖನಿ. ಅವರು ತಲೆ ಎತ್ತುವಷ್ಟರಲ್ಲಿ ನೀಲಗಂಗಮ್ಮ ದಿನಚರಿಯನ್ನೂ ಬಂಟನನ್ನೂ ಎತ್ತಿಕೊಂಡು ಬಾಗಿಲಲ್ಲಿದ್ದಳು.

ಪಡಸಾಲೆಯ ಬೆಂಚಿನ ಮೇಲೆ ಹುಲಿಗೆವ್ವ ಕೂತಿದ್ದಳು. ಒಡೆಯುವ ಅಚ್ಚನ್ನು ಮಾಡಿದವರೇ ತಂದು ಒಪ್ಪಿಸಬೇಕು. ಪ್ಲಾಸ್ಟಿಕ್ ಬುಟ್ಟಿಯೊಂದರಲ್ಲಿ ಅದನ್ನು ಹಳೆಯ ಪತ್ರಿಕೆ ಸುತ್ತಿ ತಂದಿದ್ದಳು. ದ್ಯಾಮಣ್ಣ ಕೊಟ್ಟ ಚಹಾ ಕೆನೆಗಟ್ಟಿ ಪಕ್ಕದಲ್ಲಿತ್ತು. ನೀಲಗಂಗಮ್ಮನನ್ನು ಕಂಡು ಎದ್ದು ನಿಂತಳು.

ನೀಲಗಂಗಮ್ಮ ದಿನಚರಿಯನ್ನು ಬಿಡಿಸಿ, ಗೆರೆ ಎಳೆದ ಮೂರು ಸಾಲುಗಳ ಪುಟ ತೋರಿಸಿದಳು. ಹುಲಿಗೆವ್ವ ನಿಧಾನ ಓದಿದಳು, ದಿನಾಂಕಗಳನ್ನು ಬೆರಳಿಟ್ಟು ನೋಡಿದಳು. ತಿರುವಿ ಕೊನೆಯ ಪುಟವನ್ನೂ ಓದಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. ಅದು ನ್ಯಾಯವಾದ ಸಿಟ್ಟೆಂದು ತಿಳಿದು ನೀಲಗಂಗಮ್ಮ ಕಣ್ಣು ತಗ್ಗಿಸದೆ ನಿಂತಳು. ಸಿಟ್ಟು ತಾನಾಗಿ ಇಳಿಯಲು ಬಹಳ ಹೊತ್ತು ಹಿಡಿಯಿತು.

“ಹಂಗಾದ್ರ ತಂತಿ ಸರಿ ಐತಿ,” ಎಂದಳು ಹುಲಿಗೆವ್ವ ಕೊನೆಗೆ, ತನಗೇ ಎಂಬಂತೆ.

“ಸರಿ ಐತವ್ವ. ಮೂರು ದಿನ ನಿಂದು ನನ್ನ ಕಡೆ ಉಳಿದಿದ್ದು. ತಗೋ.”

ನೀಲಗಂಗಮ್ಮ ಅಂಗೈ ಬಿಡಿಸಿ ಬಂಟನನ್ನು ಚಾಚಿದಳು. ಅಷ್ಟು ಹೊತ್ತೂ ಕೈಯಲ್ಲೇ ಹಿಡಿದಿದ್ದರಿಂದ ಅವನು ಬೆಚ್ಚಗಿದ್ದ. ಎಡಗೈ ಒಂದಿಷ್ಟೇ ಮೇಲೆತ್ತಿ ನಿಂತಿದ್ದ. ಹುಲಿಗೆವ್ವ ಬುಟ್ಟಿಯನ್ನು ಬೆಂಚಿನ ಮೇಲಿಟ್ಟು, ಹಸಿರು ಬಣ್ಣದ ಉಗುರಿನ ಎರಡೂ ಕೈ ಸೀರೆಗೆ ಒರೆಸಿಕೊಂಡು, ಅವನನ್ನು ತೆಗೆದುಕೊಂಡಳು.